ಆ ವರ್ಷ ದೇಚಮ್ಮನಿಗೆ ಚೆಂಡು ಕೊಡಲಿಲ್ಲ

ಸೊಲ್ಲೆಂಟುನಾ, ಸ್ವೀಡನ್
ಭಾನುವಾರ, ೨೩ ನವೆಂಬರ್ ೨೦೦೮

ಪ್ರೀತಿಯ ಮೀರಾ,

ನೀನು ಸೆಪ್ಟೆಂಬರ್‌ನಲ್ಲಿ ಹಾಕಿದ ಕಾಗದಕ್ಕೆ ಈಗ ಉತ್ತರ ಬರೀತಿದ್ದೀನಿ. ಬೈಕೋ, ಪರವಾಗಿಲ್ಲ. ಶ್ರೀನಾಥ್‌ಗೆ ನೆಗಡಿ ಅನ್ನೋದು ಬಿಟ್ಟರೆ ಮೂವರೂ ಚೆನ್ನಾಗಿದ್ದೀವಿ. ನಿನ್ನ ಮಂಡಿ ನೋವು ಹೇಗಿದೆ, ಮಗಳು ವರ್ಷಾಳ ಪಿಯುಸಿ ಹೇಗೆ ನಡೀತಿದೆ, ಬರಿ. ಆಫೀಸಿನ ಕೆಲಸದಲ್ಲಿ ಪುರುಸೊತ್ತಾಗಲಿಲ್ಲ ಅಂತ ಬರೆಯಬಹುದಿತ್ತು, ಆದರೆ ಅದು ಸುಳ್ಳು. ಮೂರು ಸಲ ಶುರು ಮಾಡಿ ಹರಿದು ಹಾಕಿದ್ದೀನಿ. ಇಮೇಲ್ ಮಾಡೋಣ ಅಂದರೆ ನೀನು ಅದನ್ನು ಹಳೇ ವಿದ್ಯಾರ್ಥಿನಿಯರ ಗುಂಪಿಗೆಲ್ಲ ಕಳಿಸಿಬಿಡ್ತೀಯ ಅನ್ನೋ ದಿಗಿಲು. ಅದಕ್ಕೇ ಪೆನ್ನು ಹಿಡಿದೆ. ಕೈಬರಹ ಕೆಟ್ಟುಹೋಗಿದೆ, ಹೊಂದಿಸಿಕೊಂಡು ಓದು.

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಾನೇ ಲೇಖನ ಬರೀಬೇಕು ಅಂದಿದ್ದೀಯ. ನಮ್ಮ ಎಂಬತ್ತಮೂರರ ಬ್ಯಾಸ್ಕೆಟ್‌ಬಾಲ್ ತಂಡ ದೊಡ್ಡದೋ ಎಂಬತ್ತನಾಲ್ಕರದೋ, ಪ್ರತಿಭೆ ಹೆಚ್ಚೋ ಒಗ್ಗಟ್ಟು ಹೆಚ್ಚೋ ಅಂತ. "ಎರಡೂ ವರ್ಷ ಆಡಿದವಳು, ಎರಡನೇ ವರ್ಷ ಕ್ಯಾಪ್ಟನ್, ನಿನ್ನ ಮಾತೇ ಕೊನೇ ಮಾತು" ಅಂತ ಬೇರೆ. ನಿನ್ನ ಮತ ಯಾವ ಕಡೆ ಅಂತ ನನಗೆ ಗೊತ್ತು ಕಣೇ. ನೀನೀಗ ಅದೇ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ, ಎರಡೂ ಕಪ್ಪು ದಿನಾ ಕಣ್ಣೆದುರಿಗೇ ಇರ್ತವೆ. ಮೊದಲನೇ ಫೈನಲ್‌ನಲ್ಲಿ ಐವತ್ತೆರಡು ಪಾಯಿಂಟ್, ಅದರಲ್ಲಿ ದೇಚಮ್ಮ ಒಬ್ಬಳದೇ ಮೂವತ್ತಮೂರು. ಮುಂದಿನ ವರ್ಷ ಅವಳಿಲ್ಲದೆ ನಲವತ್ತೊಂದು, ಎದುರಿನವರು ಮೂವತ್ತೊಂಬತ್ತು. ಐದು ಜನವೂ ಹಂಚಿಕೊಂಡು ಹೊಡೆದದ್ದು. ಅವತ್ತು ಕೋಚ್ ಅಶ್ವತ್ಥ ಸರ್ ಐದು ಬೆರಳು ಮಡಿಸಿ ಮುಷ್ಟಿ ಮಾಡಿ ತೋರಿಸಿದ್ದನ್ನ ನೀನು ಇವತ್ತಿಗೂ ನಿನ್ನ ಹುಡುಗಿಯರಿಗೆ ತೋರಿಸ್ತೀಯಂತೆ. ಕಮಲಾ ಫೋನಿನಲ್ಲಿ ಹೇಳಿದಳು.

ತಮಾಷೆ ಅಂದರೆ ಈ ವಾದ ನನ್ನನ್ನು ಇಲ್ಲಿಗೂ ಹುಡುಕಿಕೊಂಡು ಬಂತು. ಎರಡು ವಾರದ ಹಿಂದೆ ಇಲ್ಲಿನ ಕನ್ನಡದವರು ಪುರಸಭೆ ಹಾಲ್ ಬಾಡಿಗೆಗೆ ತಗೊಂಡು ರಾಜ್ಯೋತ್ಸವ ಮಾಡಿದರು. ಬಿಸಿಬೇಳೆಬಾತ್ ತಿನ್ನುತ್ತಾ ಗಂಡಸರು ಕಾಲೇಜು ದಿನಗಳಿಗೆ ಇಳಿದರು. ಶ್ರೀನಾಥ್ ಆಫೀಸಿನ ಬದರಿನಾಥ್ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವರು, ಅಲ್ಲಿ ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿದ್ದರಂತೆ.

"ನಮ್ಮಲ್ಲಿ ಯೋಗೀಶ ಅಂತ ಒಬ್ಬ ಇದ್ದ ಸಾರ್, ಆರಡಿ ಮೂರಂಗುಲ. ಅವನ ಕೈಗೆ ಬಾಲ್ ಕೊಟ್ಟು ನಾವು ನಿಂತು ನೋಡ್ತಿದ್ವಿ. ಎರಡು ವರ್ಷ ಚಾಂಪಿಯನ್! ಅವನು ಪಾಸಾಗಿ ಹೋದ, ನಾವು ಫಸ್ಟ್ ರೌಂಡಲ್ಲೇ ಔಟ್. ಟೀಮ್‌ವರ್ಕ್ ಅನ್ನೋದು ಯೋಗೀಶ ಇಲ್ಲದವರು ಮಾಡ್ಕೊಳ್ಳೋ ಸಮಾಧಾನ ಅಷ್ಟೇ."

ಶ್ರೀನಾಥ್ ಬಿಡ್ತಾರಾ? "ಹಾಗಾದ್ರೆ ನಮ್ಮ ಮಾಲತಿ ಟೀಮ್ ಹೇಗೆ ಗೆದ್ದಿದ್ದು? ಸ್ಟಾರ್ ಪ್ಲೇಯರ್ ಇದ್ದಾಗ್ಲೂ ಕಪ್ಪು, ಇಲ್ಲದಾಗ್ಲೂ ಕಪ್ಪು! ಐದು ಜನಾನೂ ಸ್ಕೋರ್ ಮಾಡಿದ್ದಾರೆ, ಗೊತ್ತಾ?" ನಾನು ಎಂದೋ ಹೇಳಿದ್ದನ್ನ ಅವರು ತಮ್ಮದೇ ಆಸ್ತಿ ಹಾಗೆ ಇಟ್ಟುಕೊಂಡಿದ್ದಾರೆ.

ಬದರಿನಾಥ್ ನನ್ನ ಕಡೆ ತಿರುಗಿದರು. "ಹೌದಾ ಮೇಡಂ? ಆ ಸ್ಟಾರ್ ಆ ವರ್ಷ ಎಲ್ಲಿ ಹೋಗಿದ್ರು?"

"ಊರಿಗೆ" ಅಂದೆ. ಪಾಯಸ ಬಡಿಸೋ ನೆಪದಲ್ಲಿ ಎದ್ದೆ. ಬೇಡ ಅಂದವರಿಗೂ ಎರಡೆರಡು ಸೌಟು ಬಡಿಸಿದೆ ಮೀರಾ.

ಈಗ ಅವನಿ ವಿಷಯ. ಮಗಳಿಗೆ ಹದಿನೈದು ತುಂಬಿತು. ಇಲ್ಲಿಗೆ ಬಂದಾಗ ನಾಲ್ಕು ವರ್ಷದವಳು, ಡಾಗಿಸ್ ಅನ್ನೋ ಶಿಶುವಿಹಾರದಲ್ಲಿ ಸ್ವೀಡಿಷ್ ಬಾರದೆ ಮೂಲೆ ಹಿಡಿದು ಕೂತಿರ್ತಿದ್ದಳು. ಚೆಂಡು ಕೈಗೆ ಬಂದ ಮೇಲೇ ಅವಳಿಗೆ ಸ್ನೇಹಿತೆಯರಾದದ್ದು. ಎರಡು ವರ್ಷದಿಂದ ಇಲ್ಲಿನ ಕ್ಲಬ್‌ನಲ್ಲಿ ಆಡ್ತಾಳೆ. ತಾಯಿ ಅಂತ ಹೇಳ್ತಿಲ್ಲ, ಅವಳ ಕೈ ನನ್ನ ಕೈಯಲ್ಲ. ದೇಚಮ್ಮನ ಥರದ ಕೈ. ನೋಡದೇನೇ ಹಾಕ್ತಾಳೆ, ಬೀಳುತ್ತೆ.

ಅಕ್ಟೋಬರ್‌ನಿಂದ ಏನೋ ಆಯಿತು. ಊಟ ಅರ್ಧ, ಮಾತು ಅದಕ್ಕಿಂತ ಕಡಿಮೆ. ಏನು ಕೇಳಿದರೂ ಸ್ವೀಡಿಷ್‌ನಲ್ಲಿ "ಏನಿಲ್ಲ". ನನಗೆ ಹೆದರಿಕೆ ಶುರುವಾದದ್ದು ಬಟ್ಟೆ ಒಗೆಯುವಾಗ. ಎರಡು ಗಂಟೆ ಪ್ರಾಕ್ಟೀಸ್ ಮುಗಿಸಿ ಬಂದವಳ ಟೀ ಶರ್ಟ್ ಒಣಗಿಯೇ ಇರುತ್ತಿತ್ತು. ಬೆವರಿನ ವಾಸನೆಯೇ ಇಲ್ಲ. ಪ್ರಾಕ್ಟೀಸಿಗೆ ಹೋಗ್ತಾನೇ ಇಲ್ಲವೇನೋ, ಎಲ್ಲಿ ಹೋಗ್ತಾಳೆ, ಯಾರ ಜೊತೆ? ನಾಲ್ಕು ಗಂಟೆಗೇ ಕತ್ತಲಾಗೋ ಊರು ಇದು. ಒಂದು ದಿನ ಹೇಳದೆ ಹಿಂದೆ ಹೋದೆ. ಹಾಲ್‌ನ ಗಾಜಿನ ಬಾಗಿಲಿನಿಂದ ನೋಡಿದರೆ ಒಳಗೇ ಇದ್ದಳು. ಆಡೋ ಬಟ್ಟೆ ಹಾಕಿಕೊಂಡು, ಸುಮ್ಮನೆ ಓಡಾಡುತ್ತಾ. ಸದ್ಯ, ಇಲ್ಲೇ ಇದ್ದಾಳಲ್ಲ ಅಂತ ನಿಟ್ಟುಸಿರು ಬಿಟ್ಟು ವಾಪಸ್ ಬಂದೆ. ಇನ್ನೂ ಎರಡು ನಿಮಿಷ ನಿಲ್ಲಬೇಕಿತ್ತು.

ನಿನ್ನೆ ಓರೆಬ್ರೂ ಅನ್ನೋ ಊರಿನಲ್ಲಿ ಮ್ಯಾಚ್ ಇತ್ತು. ಕ್ಲಬ್ಬಿಗೆ ದುಡ್ಡು ಕೂಡಿಸೋಕೆ ಅಮ್ಮಂದಿರು ಕಾಫಿ, ಬನ್ನು ಮಾರುವ ಪಾಳಿ ಈ ಸಲ ನನ್ನದು ಅಂತ ನಾನೂ ಹೋದೆ. ಹಾಫ್ ಟೈಮ್ ಆದಮೇಲೆ ಬೇರೆಯವರಿಗೆ ಬಿಟ್ಟು ಒಳಗೆ ಹೋಗಿ ಕೂತೆ. ಅವನಿ ಬುಟ್ಟಿಯ ಕೆಳಗೆ ಒಬ್ಬಳೇ, ಸುತ್ತ ಯಾರೂ ಇಲ್ಲ, ಕೈ ಎತ್ತಿದ್ದಾಳೆ. ಚೆಂಡು ಇರೋದು ಎಲಿನ್ ಅನ್ನೋ ಹುಡುಗಿ ಹತ್ತಿರ, ಅವಳೇ ಕ್ಯಾಪ್ಟನ್. ಎಲಿನ್ ನೋಡಿದಳು. ನೋಡಿ, ಇನ್ನೊಂದು ಕಡೆ ಎಸೆದಳು. ಅಲ್ಲಿ ಇಬ್ಬರು ಅಡ್ಡ ಇದ್ದರು. ಸರಿ, ಒಂದು ಸಲ ಆಗುತ್ತೆ. ಆಮೇಲೆ ಎಣಿಸಿದೆ. ಒಂಬತ್ತು ಸಲ. ಒಂಬತ್ತೂ ಸಲ ನನ್ನ ಮಗಳು ಕೈ ಎತ್ತಿದಳು, ಒಂಬತ್ತೂ ಸಲ ಇಳಿಸಿದಳು. ಪಕ್ಕದಲ್ಲಿದ್ದ ಒಬ್ಬ ತಾಯಿ "ಎಷ್ಟು ಚೆನ್ನಾಗಿ ಒಟ್ಟಿಗೆ ಆಡ್ತಿದ್ದಾರೆ ಅಲ್ವಾ" ಅಂದಳು.

ಬೇರೆ ಯಾರಿಗೂ ಕಾಣಿಸಲ್ಲ ಮೀರಾ. ಆದರೆ ಕಂಡೂ ಕಾಣದ ಹಾಗೆ ಕಣ್ಣು ಹಾಯಿಸುತ್ತಾರಲ್ಲ, ಆ ನೋಟ ನನಗೆ ಗೊತ್ತು. ನಿನಗೂ ಗೊತ್ತು.

ನಾವು ಇಪ್ಪತ್ತನಾಲ್ಕು ವರ್ಷದಿಂದ ಈ ಮಾತು ಎತ್ತಿಲ್ಲ. ಹಾಸ್ಟೆಲಿನ ತಾರಸಿ, ಬಟ್ಟೆ ಒಣಹಾಕುವ ತಂತಿಗಳ ಕೆಳಗೆ ನಾನು, ನೀನು, ಕಮಲಾ. ಪೇಪರಿನಲ್ಲಿ ದೇಚಮ್ಮ ಒಬ್ಬಳದೇ ಫೋಟೋ ಬಂದಿತ್ತು, ಕೆಳಗೆ "ದೇಚಮ್ಮ ಮತ್ತು ಸಂಗಡಿಗರು". ಕಮಲಾ ಅಂದಳು: "ನಾವೇನು ಇವಳ ಮೆರವಣಿಗೆಗೆ ದೀಪ ಹಿಡಿಯೋರಾ? ಒಂದು ನಾಲ್ಕು ಮ್ಯಾಚ್ ಚೆಂಡು ಕೊಡದೇ ಇದ್ರೆ ಗೊತ್ತಾಗುತ್ತೆ." ನೀನು ಏನೂ ಅನ್ನಲಿಲ್ಲ. ಆದರೆ ಮೈದಾನದಲ್ಲಿ ಚೆಂಡು ಮುಂದಕ್ಕೆ ತರುವವಳು ನಾನು. ಕ್ಯಾಪ್ಟನ್ ನಾನು. "ಆಯ್ತು" ಅಂದವಳೂ ನಾನೇ. ಉಳಿದವರೂ ನಮ್ಮನ್ನು ನೋಡಿ ಹಾಗೇ ಆಡಿದರು. ಮೊದಲ ಲೀಗ್ ಮ್ಯಾಚಿನಲ್ಲಿ ಅವಳದು ನಾಲ್ಕು ಪಾಯಿಂಟ್, ಎರಡನೆಯದರಲ್ಲಿ ಎರಡು. ಅಶ್ವತ್ಥ ಸರ್ ಪಾಪ, "ಫಾರ್ಮ್ ಹೋಗಿದೆ" ಅಂತ ಅವಳನ್ನು ಬೆಂಚಿನಲ್ಲಿ ಕೂರಿಸಿದರು. ಆ ಶುಕ್ರವಾರ ಅವಳು ಟ್ರಂಕ್ ಹಿಡಿದು ವಿರಾಜಪೇಟೆ ಬಸ್ ಹತ್ತಿದಳು. ನಾವು ಸೆಮಿಫೈನಲ್ ಹೊತ್ತಿಗೆ ಕೈಕೊಟ್ಟಳು ಅಂತ ಎಲ್ಲರಿಗೂ ಹೇಳಿದೆವು. ಪರೀಕ್ಷೆಗೆ ಬಂದಳು, ಬರೆದಳು, ಮೈದಾನದ ಕಡೆ ತಿರುಗಿಯೂ ನೋಡಲಿಲ್ಲ.

ಓರೆಬ್ರೂವಿನಿಂದ ಬರುವಾಗ ರೈಲಿನಲ್ಲಿ ಅವನಿ "ಅಮ್ಮ, ನಾನು ಬ್ಯಾಸ್ಕೆಟ್ ಬಿಡ್ತೀನಿ" ಅಂದಳು, ಕನ್ನಡದಲ್ಲಿ. ಮುಖ್ಯವಾದ ಮಾತು ಇದ್ದರೆ ಮಾತ್ರ ಅವಳು ಕನ್ನಡಕ್ಕೆ ಬರೋದು. ನಾನು ಹೇಳಿದೆ: "ನಾನು ನೋಡಿದೆ ಪುಟ್ಟಿ. ಅವರು ಬೇಕಂತಲೇ ಕೊಡ್ತಿಲ್ಲ." ಅವಳ ಕಣ್ಣು ತುಂಬಿತು, ಯಾರೋ ಒಬ್ಬರು ನೋಡಿದರಲ್ಲ ಅಂತ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ನಿಂಗೆ ಹೇಗೆ ಗೊತ್ತು?" ಅಂತ ಕೇಳಿದಳು. ದೇಚಮ್ಮನ ಕಥೆ ಪೂರ್ತಿ ಹೇಳಿದೆ.

ಕಣ್ಣೊರೆಸಿಕೊಂಡು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಂದ್ರೆ ನೀನು ಎಲಿನ್" ಅಂದಳು.

ಕಿಟಕಿ ಕಡೆ ತಿರುಗಿದವಳು ಮನೆಗೆ ಬಂದು ನೇರ ತನ್ನ ರೂಮಿಗೆ ಹೋದಳು. ಇವತ್ತೂ ಬಾಗಿಲು ಹಾಕಿಕೊಂಡಿದ್ದಾಳೆ. ಶ್ರೀನಾಥ್ "ಅದನ್ನೆಲ್ಲ ಮಗೂಗೆ ಯಾಕೆ ಹೇಳೋಕೆ ಹೋದೆ?" ಅಂತ ರೇಗಿದರು. ಕೋಚ್ ಆನಿಕಾಗೆ ಫೋನ್ ಮಾಡಿದೆ. "ನಮ್ಮದು ಒಗ್ಗಟ್ಟಿನ ತಂಡ, ಅವನಿ ಸ್ವಲ್ಪ ಹೊಂದಿಕೊಳ್ಳಲಿ" ಅಂದಳು, ತುಂಬಾ ಮೃದುವಾಗಿ. ಆಟವೂ ಹೋಗಿ, ಅಮ್ಮನೂ ಇಲ್ಲದ ಹಾಗೆ ಆಗಿಬಿಟ್ಟರೆ ಈ ಹುಡುಗಿಗೆ ಇಲ್ಲಿ ಇನ್ನೇನಿದೆ?

ಗುರುವಾರ

ಕಾಗದ ಇನ್ನೂ ಅಂಚೆಗೆ ಹಾಕಿಲ್ಲ. ಒಳ್ಳೇದೇ ಆಯಿತು.

ನಿನ್ನೆ ಸಂಜೆ ಅವನಿ ಬ್ಯಾಗ್ ಹಾಕಿಕೊಂಡು ಪ್ರಾಕ್ಟೀಸಿಗೆ ಹೊರಟಳು. "ನಾನೂ ಬರ್ತೀನಿ" ಅಂದೆ. "ಬೇಡ." ಅಷ್ಟೇ. ಎರಡೂವರೆ ಗಂಟೆ ನಾನು ಅಡುಗೆಮನೆಯಲ್ಲಿ ನಿಂತಲ್ಲೇ ನಿಂತಿದ್ದೆ. ಸಾರು ಎರಡು ಸಲ ಬಿಸಿ ಮಾಡಿದೆ. ಬಸ್ಸು ಬಂದು ಹೋದ ಸದ್ದಾಯಿತು, ಇಳಿಯಲಿಲ್ಲ. ಮುಂದಿನ ಬಸ್ಸಿಗೆ ಬಂದಳು. ಬೂಟು ಬಿಚ್ಚುತ್ತಾ ತಾನಾಗೇ ಹೇಳೋಕೆ ಶುರು ಮಾಡಿದಳು.

ಪ್ರಾಕ್ಟೀಸಿಗೆ ಮುಂಚೆ ಎಲ್ಲರೂ ಸುತ್ತ ಕೂತುಕೊಳ್ತಾರಂತೆ. ಇವಳು ಎದ್ದು ನಿಂತು ಕೇಳಿದಳಂತೆ: "ನಾನು ಫ್ರೀ ಇರ್ತೀನಿ, ನಿಮಗೆ ಕಾಣಿಸುತ್ತೆ, ಕೊಡಲ್ಲ. ಯಾಕೆ?" ಆನಿಕಾ ಏನೋ ಸಮಾಧಾನ ಹೇಳೋಕೆ ಹೊರಟಾಗ ಎಲಿನ್ ಅವಳನ್ನು ತಡೆದು, "ನಿನಗೆ ಕೊಟ್ಟರೆ ಚೆಂಡು ಮತ್ತೆ ನಮ್ಮ ಕೈಗೆ ಬರೋದೇ ಇಲ್ಲ. ಇಡೀ ಮ್ಯಾಚ್ ನಿನ್ನ ಹಿಂದೆ ಓಡೋದೇ ಆಯ್ತು" ಅಂದಳಂತೆ. ಹೇಳಿ ಅತ್ತಳಂತೆ. ಇವಳೂ ಅತ್ತಳಂತೆ. ಕೊನೆಗೆ ಆಡಿದರು. ಎಲಿನ್ ನಾಲ್ಕು ಸಲ ಕೊಟ್ಟಳು, ಇವಳು ಎರಡು ಸಲ ವಾಪಸ್ ಕೊಟ್ಟಳು.

"ಎರಡೇ ಸಲಾನಾ?" ಅಂದೆ.

"ಅಭ್ಯಾಸ ಇಲ್ಲ ಅಮ್ಮ" ಅಂದಳು. ಎಷ್ಟು ದಿನದ ಮೇಲೆ ನಕ್ಕಳು! ಆಮೇಲೆ ಊಟಕ್ಕೆ ಕೂತು, "ನಿಮ್ಮ ದೇಚಮ್ಮ ವಾಪಸ್ ಕೊಡ್ತಿದ್ದಳಾ?" ಅಂತ ಕೇಳಿದಳು.

ನಾನು ಯೋಚಿಸಿದೆ. "ಇಲ್ಲ. ಅವಳೂ ಕೊಡ್ತಿರಲಿಲ್ಲ."

"ಅದನ್ನ ಅವಳಿಗೆ ಹೇಳಿದ್ರಾ?"

"ಇಲ್ಲ."

ತಟ್ಟೆ ಕಡೆ ನೋಡುತ್ತಾ ಹೇಳಿದಳು: "ಈಗ ಹೇಳು."

ನೀನು ಕೇಳಿದ ಲೇಖನ ನಾನು ಬರೆಯಲಾರೆ. ಬರೆದರೆ ಎಂಬತ್ತಮೂರರ ತಂಡವೇ ದೊಡ್ಡದು ಅಂತ ಬರೀತೀನಿ. ಅದರಲ್ಲಿ ನಮ್ಮಲ್ಲೊಬ್ಬಳು ದೇವರು ಕೊಟ್ಟ ಕೈ ಇಟ್ಟುಕೊಂಡಿದ್ದಳು, ಉಳಿದವರು ಹೊಟ್ಟೆಕಿಚ್ಚು ಪಡುತ್ತಾ ಆದರೂ ಅವಳಿಗೆ ಚೆಂಡು ಕೊಟ್ಟೆವು. ಎಂಬತ್ತನಾಲ್ಕರಲ್ಲಿ ನಾವು ಐದು ಜನ ಒಂದಾದದ್ದು ನಿಜ. ಆರನೆಯವಳನ್ನು ಹೊರಗೆ ಹಾಕೋಕೆ ಒಂದಾದದ್ದನ್ನ ಒಗ್ಗಟ್ಟು ಅಂತ ಅಚ್ಚು ಹಾಕಿಸಿ ಹುಡುಗಿಯರ ಕೈಗೆ ಕೊಡಬೇಡ ಮೀರಾ. ಅಶ್ವತ್ಥ ಸರ್‌ಗೆ ಬೇಜಾರಾಗುತ್ತೆ, ಗೊತ್ತು. ಅವರಿಗೆ ಎಂಬತ್ತು ಆಯಿತು ಅಂತ ನೀನೇ ಬರೆದಿದ್ದೀಯ. ಅವರಿಗೆ ಹೇಳಬೇಕೋ ಬೇಡವೋ, ಅದು ನಿನಗೆ ಬಿಟ್ಟದ್ದು. ನನ್ನ ಮೇಲೆ ಸಿಟ್ಟು ಬಂದರೆ ಸಿಟ್ಟಲ್ಲೇ ಒಂದು ಕಾಗದ ಬರಿ, ಸುಮ್ಮನಿರಬೇಡ. ನಾವು ಸುಮ್ಮನಿದ್ದದ್ದು ಸಾಕು.

ವರ್ಷಾ ಚೆನ್ನಾಗಿ ಓದಲಿ, ಒಳ್ಳೇ ಸ್ನೇಹಿತೆಯರು ಸಿಗಲಿ ಅಂತ ಈ ದೂರದ ಚಿಕ್ಕಮ್ಮನ ಹಾರೈಕೆ. ಮನೆಯವರಿಗೆ ಶ್ರೀನಾಥ್ ನಮಸ್ಕಾರ ಹೇಳಿದ್ದಾರೆ. ಮಂಡಿಗೆ ಬಿಸಿ ಎಣ್ಣೆ ಹಚ್ಚಿ ಸುಮ್ಮನಾಗಬೇಡ, ಡಾಕ್ಟರಿಗೆ ತೋರಿಸು.

ನಿನ್ನ
ಮಾಲತಿ

ತಾ.ಕ. (ಶುಕ್ರವಾರ): ನಿನ್ನೆ ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಇವತ್ತು ಬೆಳಿಗ್ಗೆ ಕಮಲಾ ಹತ್ತಿರ ನಂಬರ್ ತಗೊಂಡು ದೇಚಮ್ಮನಿಗೆ ಫೋನ್ ಮಾಡಿದೆ. ಗೋಣಿಕೊಪ್ಪದಲ್ಲಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡ್ತಾಳೆ. ನಾನು ತಾರಸಿಯ ಮಾತು ಹೇಳಿದೆ, ಕ್ಷಮಿಸು ಅಂದೆ. ನಿನಗೂ ಕಮಲಾಗೂ ಗೊತ್ತಿಲ್ಲದ ಒಂದು ವಿಷಯ ಇದೆ ಮೀರಾ. ಊರಿಗೆ ಹೋಗುವ ಹಿಂದಿನ ಸಂಜೆ ಅವಳು ನನ್ನ ರೂಮಿಗೆ ಬಂದಿದ್ದಳು. "ನೀವು ಯಾರೂ ನನಗೆ ಪಾಸ್ ಕೊಡ್ತಿಲ್ಲ, ನನ್ನಿಂದ ಏನು ತಪ್ಪಾಗಿದೆ ಹೇಳು, ತಿದ್ದಿಕೊಳ್ತೀನಿ" ಅಂತ ನನ್ನ ಮಂಚದ ಮೇಲೆ ಕೂತು ಕೇಳಿದಳು. ನಾನು ಜಡೆ ಹಾಕಿಕೊಳ್ಳುತ್ತಾ ಹೇಳಿದೆ: "ಚೆಂಡು ಬರ್ತಾನೇ ಇದೆ ದೇಚು, ನಿನಗೇ ಕಾಣ್ತಿಲ್ಲ ಅನ್ಸುತ್ತೆ." ನನಗೆ ಅದು ಬಾಯಿಗೆ ಬಂದ ಒಂದು ಮಾತು ಅಷ್ಟೇ. ಅವಳು ಮಾರನೆಯ ದಿನ ವಿರಾಜಪೇಟೆಯಲ್ಲಿ ಬಸ್ಸಿಳಿದವಳೇ ಕಣ್ಣಿನ ಡಾಕ್ಟರ್ ಹತ್ತಿರ ಹೋದಳಂತೆ. ಇವತ್ತು ಅದನ್ನ ಕೋಪವಿಲ್ಲದೆ, ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ಹಾಗೆ ಹೇಳಿದಳು. "ಡಾಕ್ಟರ್ ಎರಡೂ ಕಣ್ಣು ಚೆನ್ನಾಗಿದೆ ಅಂದ್ರು. ಇನ್ನೊಬ್ಬರ ಹತ್ತಿರ ಹೋದೆ, ಅವರೂ ಅದನ್ನೇ ಹೇಳಿದ್ರು. ನಾನು ಅವರನ್ನ ನಂಬಲಿಲ್ಲ ಮಾಲತಿ. ನಿನ್ನನ್ನ ನಂಬಿದೆ."