ದಿಂಬಿನ ಕೆಳಗಿನ ಜರ್ದಾಳು

ಮಾರ್ಚ್ ೯, ಶನಿವಾರ. ಇಸ್ಫರಾ.

ಇವತ್ತೂ ಚಹಾದ ಜೊತೆ ಒಣ ಜರ್ದಾಳು ಹಣ್ಣು ಇರಲಿಲ್ಲ. ಇಡೀ ಊರೇ ಜರ್ದಾಳು ಒಣಗಿಸಿ ಬದುಕುತ್ತದೆ, ನನ್ನ ತಟ್ಟೆಗೆ ಮಾತ್ರ ಬರ. ಡಾಕ್ಟರು ಮಾತ್ರೆ ಬದಲಾಯಿಸಿದ ದಿನದಿಂದ ಹೀಗೆ. ಸೊಸೆ ಜುಲೈಹೊ ಎಲ್ಲವನ್ನೂ ತವರಿಗೆ ಸಾಗಿಸುತ್ತಿದ್ದಾಳೆಂದು ನನಗೆ ಗುಮಾನಿ. ಕಾಲು ಬಾತಾಗ ಕೊಟ್ಟ ಹಳೆಯ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಮೂತ್ರದಲ್ಲಿ ಹರಿಸಿಬಿಡುತ್ತದೆ, ಜರ್ದಾಳಿನಲ್ಲಿ ಅದು ತುಂಬಾ ಇದೆ, ತಿನ್ನಿ ಎಂದವರು ಅದೇ ಡಾಕ್ಟರು. ತಿಂದ ಮೇಲೆಯೇ ಮೀನಖಂಡದ ಸೆಳೆತ ನಿಂತಿತ್ತು.

ಸಂಜೆ ಕೇಳಿಯೇಬಿಟ್ಟೆ. "ನಿಮ್ಮಮ್ಮನ ಮನೇಲಿ ಜರ್ದಾಳು ಮರ ಒಣಗಿಹೋಯ್ತೇನೇ?"

ಅವಳು ನಗಲಿಲ್ಲ. "ಬೀಗ ಹಾಕಿಟ್ಟಿದ್ದೀನಿ ಅತ್ತೆ. ಈ ಹೊಸ ಮಾತ್ರೆ ನೀರನ್ನ ಹೊರಗೆ ಹಾಕುತ್ತೆ, ಪೊಟ್ಯಾಸಿಯಂನ ಒಳಗೇ ಹಿಡ್ಕೊಳ್ಳುತ್ತೆ. ಹೆಚ್ಚಾದದ್ದನ್ನ ಹೊರಗೆ ಹಾಕೋಕೆ ನಿಮ್ಮ ಕಿಡ್ನಿಗೆ ಶಕ್ತಿ ಸಾಲ್ದು. ಎದೆ ಬಡಿತವೇ ತಪ್ಪುತ್ತಂತೆ. ಡಾಕ್ಟ್ರು ಇದನ್ನ ಹೇಳ್ತಾ ಇದ್ದಾಗ ನೀವು ಅವರ ಮನೆಯವರ ಕ್ಷೇಮ ಒಬ್ಬೊಬ್ಬರದಾಗಿ ವಿಚಾರಿಸ್ತಾ ಇದ್ರಿ."

ಎಷ್ಟು ನಯವಾಗಿ ಹೇಳುತ್ತಾಳೆ! ನಾನು ನಂಬಲಿಲ್ಲ.

ಪಕ್ಕದ ಮನೆಯ ಸನಾವ್ಬರ್ ಕೊಟ್ಟ ಜರ್ದಾಳಿನ ಗಂಟು ನನ್ನ ದಿಂಬಿನ ಕೆಳಗಿರುವುದು ಅವಳಿಗೆ ಗೊತ್ತಿಲ್ಲ. ವಾರದಿಂದ ದಿನಾ ಎರಡು ಹಿಡಿ ತಿಂದಿದ್ದೇನೆ. ಇವತ್ತು ಹಟಕ್ಕೆ ಮೂರು.

ಈಗ ಎದೆ ಎರಡು ಸಲ ಬಡಿದು ಒಂದು ಸಲ ಸುಮ್ಮನಾಗುತ್ತಿದೆ. ತೊಡೆ ಎತ್ತಲಾರದಷ್ಟು ಭಾರ. ಇದೂ ಬರೀ ಗುಮಾನಿಯೇ ಇರಬಹುದು. ಅವಳನ್ನು ಕೂಗಿದರೆ ಗಂಟು ತೋರಿಸಬೇಕು. ತೋರಿಸಿದರೆ ನಾಳೆಯಿಂದ ಈ ಮನೆಯಲ್ಲಿ ನನ್ನ ಮಾತಿಗೆ ಏನು ಬೆಲೆ?

ಗೋಡೆಯಾಚೆ ಅವಳು ಕೆಮ್ಮಿದಳು. ಇನ್ನೂ ಎಚ್ಚರವಾಗಿದ್ದಾಳೆ.

ಮತ್ತೊಂದು ಬಡಿತ ತಪ್ಪಿತು. ಗಂಟನ್ನು ಮಡಿಲಿಗೆ ಹಾಕಿಕೊಂಡಿದ್ದೇನೆ. ಪೆನ್ನು ಇಟ್ಟು ಕೂಗುತ್ತೇ—