ಪುಸ್ತಕವಿಲ್ಲದ ಮನೆಯಿಂದ

ಮನೆ, ಅಡುಗೆಕೋಣೆಯ ಮೇಜು
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗನಿಗೆ,

ಸಲಾಂ. ಮೇಲಿನ ‘ಪ್ರೀತಿಯ’ ಅನ್ನುವುದನ್ನು ಕೈ ತನ್ನ ಅಭ್ಯಾಸಕ್ಕೆ ಬರೆದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆಂದು ಬಿಟ್ಟಿದ್ದೇನೆ, ಅದರಿಂದ ನೀನು ಬೇರೆ ಅರ್ಥ ತೆಗೆಯಬೇಡ. ನಿನ್ನ ಕೆಮ್ಮು ಹೇಗಿದೆ? ಟಿ.ವಿ.ಯಲ್ಲಿ ಮಾತಾಡುವಾಗ ಎರಡು ಸಲ ಕೆಮ್ಮಿದೆ. ಎದುರಿಗೆ ಕೂತಿದ್ದವಳು ನೀರು ಮುಂದಿಟ್ಟರೂ ಕುಡಿಯಲಿಲ್ಲ. ಚಿಕ್ಕಂದಿನಲ್ಲೂ ಹೀಗೇ, ಯಾರಾದರೂ ನೋಡುತ್ತಿದ್ದರೆ ನಿನಗೆ ಬಾಯಾರಿಕೆಯೂ ಆಗುತ್ತಿರಲಿಲ್ಲ. ಸೊಸೆಯ ಬೆನ್ನುನೋವು ಕಡಿಮೆಯಾಯಿತೇ? ಮೊಮ್ಮಗಳ ಕೋರೆಹಲ್ಲು ಬಂತೇ? ನನ್ನ ಮೊಣಕಾಲು ಮೂರು ಮಹಡಿ ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ನನ್ನ ಸರ್ವಿಸ್ ಇನ್ನು ಹದಿನಾಲ್ಕು ತಿಂಗಳಿದೆ. ಹೊಲಿಗೆ ಯಂತ್ರ ಹೊಸದು ಕೊಟ್ಟಿದ್ದಾರೆ, ದಾರ ಮಾತ್ರ ಹಳೆಯದೇ, ಮಾತುಮಾತಿಗೆ ತುಂಡಾಗುತ್ತದೆ. ಕುಶಲ ವಿಚಾರಿಸಿ ಆಯಿತು. ಇನ್ನು ಬೈಯುತ್ತೇನೆ.

ನಿನ್ನ ಪುಸ್ತಕ ಓದಿದೆ. ನೀನು ಕಳಿಸಿದ್ದಲ್ಲ, ನೀನು ಕಳಿಸಲಿಲ್ಲವಲ್ಲ. ನಿನ್ನ ಅಬ್ಬನ ಹತ್ತಿರ ಪಾಠ ಹೇಳಿಸಿಕೊಂಡಿದ್ದ ಬಸ್ ಡಿಪೋದ ಡ್ರೈವರಮ್ಮ ತಂದು ಮೇಜಿನ ಮೇಲೆ ಎಸೆದು ಹೋದದ್ದು. ಹದಿನೇಳು ದಿನ ಹಿಡಿಯಿತು. ಮಧ್ಯಾಹ್ನದ ಬಿಡುವಿನಲ್ಲಿ, ಮಡಚಿಟ್ಟ ಹೊದಿಕೆಗಳ ರಾಶಿಗೆ ಒರಗಿಕೊಂಡು, ನಿನ್ನ ಅಬ್ಬನ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಒಂದೊಂದು ಪದಕ್ಕೂ ಅರ್ಥ ನೋಡಿ ಓದಿದೆ. ನಿನಗೆ ಎಷ್ಟು ಕಷ್ಟದ ಪದಗಳು ಬರುತ್ತವೆಂದು ಒಂದು ಕಡೆ ಹೆಮ್ಮೆ. ಆ ಪದಗಳಿಂದ ನೀನು ಏನು ಹೇಳಿದ್ದೀಯ ಎಂದು ತಿಳಿಯುತ್ತ ಹೋದಂತೆ ಇನ್ನೊಂದು ಕಡೆ ಸಿಟ್ಟು. ಓದಿ ಮುಗಿಸಿದ ದಿನವೇ ಫೋನ್ ಮಾಡಿದೆ. ‘ಅಮ್ಮಿ, ಅದು ಸಾಹಿತ್ಯ. ನಿಂಗದೆಲ್ಲ ಗೊತ್ತಾಗಲ್ಲ’ ಅಂದೆ ನೀನು. ಮೀಟಿಂಗ್ ಇದೆ ಅಂತ ಫೋನ್ ಇಟ್ಟವನು ಆಮೇಲೆ ಎತ್ತಲೇ ಇಲ್ಲ. ಮೂರು ವಾರದಿಂದ ಮೀಟಿಂಗೇ ಮುಗಿಯದ ಕೆಲಸ ಯಾವುದಪ್ಪ ಅದು? ಅದಕ್ಕೇ ಈ ಕಾಗದ. ಇದನ್ನು ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ.

‘ಪುಸ್ತಕವಿಲ್ಲದ ಮನೆ’ ಎಂದು ಹೆಸರಿಟ್ಟಿದ್ದೀಯ. ಮುಖಪುಟದ ಮೇಲೆ ಯಾವಳೋ ಕಪ್ಪು ಬಟ್ಟೆಯವಳು ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಂತಿದ್ದಾಳೆ. ನಮ್ಮ ಕಿಟಕಿಯಿಂದ ಕಾಣುವುದು ಡಿಪೋದ ಗೋಡೆ. ಅದನ್ನು ನೋಡಿಕೊಂಡು ನಿಲ್ಲುವಷ್ಟು ಪುರುಸೊತ್ತು ಈ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೊದಲ ಪುಟದಲ್ಲೇ ಬರೆದಿದ್ದೀಯ, ‘ನಾನು ಬೆಳೆದ ಮನೆಯಲ್ಲಿ ಎತ್ತರದ ಕಪಾಟಿನ ಮೇಲೆ ಬಟ್ಟೆ ಸುತ್ತಿಟ್ಟ ಒಂದೇ ಪುಸ್ತಕವಿತ್ತು, ಅದನ್ನು ಯಾರೂ ಅರ್ಥ ತಿಳಿದು ಓದುತ್ತಿರಲಿಲ್ಲ’ ಎಂದು. ಆ ಕುರ್‌ಆನನ್ನು ನಾನು ದಿನಾ ಬೆಳಿಗ್ಗೆ ನಮಾಜ್ ಮುಗಿಸಿ ಕೆಲಸಕ್ಕೆ ಹೋಗುವ ಮುಂಚೆ ಓದುತ್ತಿದ್ದೆ, ಅರ್ಥ ತಿಳಿದೇ ಓದುತ್ತಿದ್ದೆ. ನಿನಗೆ ಗೊತ್ತಿಲ್ಲದ್ದು ಸಹಜ, ನೀನು ಆಗ ಗೊರಕೆ ಹೊಡೆಯುತ್ತಿದ್ದೆ. ಆದರೆ ಮುಂದಿನ ಕೋಣೆಯ ಗೋಡೆ? ಗುಜರಿಗೆ ಹಾಕಿದ ಬಸ್ಸಿನ ಹಲಗೆಗಳನ್ನು ಡಿಪೋದಿಂದ ಕೇಳಿ ತಂದು ನಿನ್ನ ಅಬ್ಬ ಸೂರಿನವರೆಗೆ ಜೋಡಿಸಿದ್ದ ಕಪಾಟು? ಅದರ ಕೆಳಗೇ ನಿನ್ನ ಹಾಸಿಗೆ ಇತ್ತು. ಒಂದು ಸಲ ಭೌತಶಾಸ್ತ್ರದ ದಪ್ಪ ಪುಸ್ತಕ ಜಾರಿ ನಿನ್ನ ಹಣೆಗೆ ಬಿದ್ದು ಗಾಯವಾಗಿತ್ತು. ಟಿ.ವಿ.ಯಲ್ಲಿ ಆ ಗುರುತು ಕಾಣದಂತೆ ಪೌಡರ್ ಹಚ್ಚಿದ್ದರು, ಗಮನಿಸಿದೆ.

ನಿನ್ನ ಪುಸ್ತಕದಲ್ಲಿ ನಿನ್ನ ಅಬ್ಬ ಗ್ರೀಸ್ ಮೆತ್ತಿದ ಕೈಯ, ಮಾತಾಡದ, ಮಗ ಓದಿದರೆ ಸಿಡುಕುವ ಒಬ್ಬ ಬ್ರೇಕ್ ಮೆಕ್ಯಾನಿಕ್. ಗ್ರೀಸ್ ನಿಜ. ಆ ಕೈ ಅದಕ್ಕಿಂತ ಮುಂಚೆ ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಹಿಡಿದಿತ್ತೆಂದು ಯಾಕೆ ಬರೆಯಲಿಲ್ಲ? ನಾವು ಈ ಪಶ್ಚಿಮದ ದೇಶಕ್ಕೆ ಬಂದಾಗ ಅವರ ಡಿಗ್ರಿಯ ಕಾಗದವನ್ನು ಕಚೇರಿಯವನು ಬೆರಳ ತುದಿಯಲ್ಲಿ ಹಿಡಿದು, ‘ನಿಮ್ಮವರ ಕಾಲೇಜುಗಳಲ್ಲಿ ಏನು ಕಲಿಸ್ತಾರೋ ನಮಗೆ ಗೊತ್ತಿಲ್ಲ’ ಎಂದ. ‘ನನ್ನನ್ನೇ ಕೇಳಿ, ಹೇಳ್ತೀನಿ’ ಎಂದರು ಇವರು. ಅವನು ಕೇಳಲಿಲ್ಲ. ಮರುವಾರ ಡಿಪೋ ಸೇರಿದರು. ಆರು ತಿಂಗಳಲ್ಲಿ ಪಾಳಿ ಮುಗಿದ ಮೇಲೆ ಕ್ಯಾಂಟೀನಿನ ಮೂಲೆಯಲ್ಲಿ ಪಾಠ ಶುರುವಾಯಿತು. ಡ್ರೈವರುಗಳು, ಟಿಕೆಟ್ ತಪಾಸಣೆಯವರು, ಬಸ್ ತೊಳೆಯುವವರು, ಬಡ್ತಿ ಪರೀಕ್ಷೆಗೆ ಕೂರುವವರೆಲ್ಲ ಬರುತ್ತಿದ್ದರು. ಮುಕ್ಕಾಲು ಜನ ಇಲ್ಲಿಯ ಬಿಳಿಯರೇ. ಇಪ್ಪತ್ತಾರು ವರ್ಷ ನಡೆಸಿದರು. ಅವರನ್ನು ಮೆಕ್ಯಾನಿಕ್ ಎಂದು ಯಾರೂ ಕರೆಯುತ್ತಿರಲಿಲ್ಲ, ಮೇಷ್ಟ್ರು ಅನ್ನುತ್ತಿದ್ದರು. ಈ ದೇಶದ ಭಾಷೆಯನ್ನು ನಾನು ಕಲಿತದ್ದೂ ಆ ಮೂಲೆಯಲ್ಲೇ, ನಿನ್ನನ್ನು ಮಡಿಲಲ್ಲಿಟ್ಟುಕೊಂಡು. ನೀನೂ ಅಲ್ಲಿದ್ದೆ ಕಣೋ.

ಇನ್ನು ನಿನ್ನ ಹೆಡ್‌ಮಿಸ್ಸು. ಪುಸ್ತಕವನ್ನು ಆಕೆಗೆ ಅರ್ಪಿಸಿದ್ದೀಯ, ‘ನನ್ನನ್ನು ಕತ್ತಲೆಯಿಂದ ಕೈಹಿಡಿದು ತಂದವರಿಗೆ’ ಎಂದು. ಆ ಸಾಲಿಗೆ ಡಿಕ್ಷನರಿ ಬೇಕಾಗಲಿಲ್ಲ. ನಿನಗೆ ಆಗ ಎಂಟು ವರ್ಷ, ಮರೆತಿರಬಹುದೆಂದು ಹೇಳುತ್ತೇನೆ, ಕೇಳು. ಆಕೆ ನಿನ್ನ ಹೆಸರು ನೋಡಿ, ಒಂದು ಪ್ರಶ್ನೆಯನ್ನೂ ಕೇಳದೆ, ದಡ್ಡ ಮಕ್ಕಳೆಂದು ಬೇರೆ ಕೂರಿಸುತ್ತಿದ್ದ ಹಿಂದಿನ ಕೋಣೆಗೆ ನಿನ್ನನ್ನು ಹಾಕಿದಳು. ನಿನ್ನ ಅಬ್ಬ ಕೇಳಲು ಹೋದರೆ, ‘ನಿಮ್ಮ ಮನೆಗಳಲ್ಲಿ ಓದಿನ ವಾತಾವರಣ ಇರಲ್ಲ, ಮಗುವಿಗೆ ಭಾರ ಆಗುತ್ತೆ’ ಎಂದಳು. ಇವರು ಮೂರು ದಿನ ರಜೆ ಹಾಕಿ, ಡಿಪೋದ ನೀಲಿ ಬಟ್ಟೆಯಲ್ಲೇ ಆಕೆಯ ಕೋಣೆಯ ಹೊರಗೆ ನಿಂತರು. ಗಲಾಟೆ ಮಾಡಲಿಲ್ಲ. ಆಕೆ ಬಾಗಿಲು ತೆಗೆದಾಗಲೆಲ್ಲ ‘ಪರೀಕ್ಷೆ ಮಾಡಿ ನೋಡಿ’ ಎನ್ನುತ್ತಿದ್ದರು, ಅಷ್ಟೇ. ನಾಲ್ಕನೇ ದಿನ ಪರೀಕ್ಷೆ ಮಾಡಿದಳು. ಇಡೀ ಶಾಲೆಯಲ್ಲಿ ನಿನ್ನದೇ ಹೆಚ್ಚು ಅಂಕ. ‘ಯಾರೋ ಉತ್ತರ ಹೇಳಿಕೊಟ್ಟಿದ್ದಾರೆ’ ಎಂದು ತನ್ನ ಮೇಜಿನ ಮುಂದೆ ಕೂರಿಸಿಕೊಂಡು ಮತ್ತೆ ಬರೆಸಿದಳು. ಮತ್ತೆ ಅಷ್ಟೇ ಬಂತು. ಆಗ ನಿನ್ನ ತಲೆ ಸವರಿ ಅವಳು ಹೇಳಿದ್ದು: ‘ನೀನು ಅವರ ಥರ ಅಲ್ಲ.’ ಮನೆಗೆ ಓಡಿ ಬಂದು ಆ ಮಾತನ್ನು ಬಹುಮಾನದ ಹಾಗೆ ನನಗೆ ಒಪ್ಪಿಸಿದೆ. ‘ಅವರು ಅಂದ್ರೆ ಯಾರು ಅಮ್ಮಿ?’ ಎಂದು ಕೇಳಿದೆ. ನಾನು ಹೊಲಿಗೆಯಲ್ಲಿದ್ದೆ, ಉತ್ತರ ಕೊಡಲಿಲ್ಲ. ಇವತ್ತಿಗೂ ಅದಕ್ಕೆ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಅವರು ಅಂದರೆ ನಾವು ಕಣೋ.

ಅಬ್ಬ ಪುಸ್ತಕ ಹರಿದದ್ದನ್ನೂ ಬರೆದಿದ್ದೀಯ. ಅದು ನಿಜ. ನಾನು ಸುಳ್ಳು ಹೇಳಿ ನಿನ್ನ ಜೊತೆ ಜಗಳಕ್ಕೆ ನಿಲ್ಲುವವಳಲ್ಲ. ಶಾಲೆಯ ಪಾಠಪುಸ್ತಕದ ಒಂದು ಹಾಳೆಯನ್ನು ನಿನ್ನ ಕಣ್ಣೆದುರೇ ಹರಿದರು. ಆ ಹಾಳೆಯಲ್ಲಿ ಬಾಗಿದ ಕತ್ತಿ ಹಿಡಿದ ಗಡ್ಡದವನ ಚಿತ್ರವಿತ್ತು, ಕೆಳಗೆ ನಮ್ಮ ಧರ್ಮದವರೆಲ್ಲ ಓದು ಬೇಡವೆನ್ನುವ ಜನ ಎಂದು ಅಚ್ಚಾಗಿತ್ತು. ನೀನು ಅದನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಪಾಳಿ ಮುಗಿಸಿ ಬಂದವರು ಕೇಳಿಸಿಕೊಂಡು ಹರಿದರು. ಮಾರನೆಯ ದಿನ ತಾವೇ ಗೋಂದು ತಂದು ಅಂಟಿಸಿದರು. ‘ಹರಿದದ್ದು ನನ್ನ ತಪ್ಪು. ಇಲ್ಲಿ ಏನು ಸುಳ್ಳಿದೆ, ಪಕ್ಕದಲ್ಲಿ ಬರಿ’ ಎಂದು ನಿನಗೆ ಪೆನ್ಸಿಲ್ ಕೊಟ್ಟರು. ನೀನು ಹನ್ನೊಂದು ಸಾಲು ಬರೆದೆ. ನೀನು ಬದುಕಿನಲ್ಲಿ ಮೊದಲು ಬರೆದದ್ದು ಅದು. ಪುಸ್ತಕದಲ್ಲಿ ಹರಿದ ಸದ್ದು ಒಂದೂವರೆ ಪುಟ ಕೇಳಿಸುತ್ತದೆ, ಗೋಂದಿನ ಸುದ್ದಿ ಒಂದು ಸಾಲೂ ಇಲ್ಲ. ಅವರು ಮುಂಗೋಪಿ, ಲೆಕ್ಕ ತಪ್ಪಿದರೆ ನೀನು ಅಳುವವರೆಗೂ ಏಳಲು ಬಿಡುತ್ತಿರಲಿಲ್ಲ, ಒಂದು ಸಲ ಕೆನ್ನೆಗೂ ಕೊಟ್ಟಿದ್ದಾರೆ. ಅದನ್ನೆಲ್ಲ ಬರೆದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ.

ಹೋದ ತಿಂಗಳು ಪತ್ರಿಕೆಯವಳೊಬ್ಬಳು ಫೋಟೊ ತೆಗೆಯುವವನನ್ನು ಕರೆದುಕೊಂಡು ಬಂದಳು. ‘ನಿಮ್ಮ ಮಗ ಪಾರಾದ ಮನೆ ನೋಡಬೇಕು’ ಎಂದಳು. ಪಾರಾಗುವುದಕ್ಕೆ ಇದೇನು ಮುಳುಗುವ ಹಡಗೇ? ಮುಂದಿನ ಕೋಣೆಗೆ ಬಂದವನು ಕ್ಯಾಮೆರಾ ಎತ್ತಿ ಇಳಿಸಿದ. ನನ್ನನ್ನು ಎಲ್ಲಿ ನಿಲ್ಲಿಸಿದರೂ ಹಿಂದೆ ಪುಸ್ತಕಗಳೇ ಬರುತ್ತಿದ್ದವು. ‘ಅಡುಗೆಕೋಣೇಲಿ ತೆಗೆಯೋಣ್ವಾ? ಇಲ್ಲಿ ಹಿನ್ನೆಲೆ ಸರಿಹೋಗ್ತಿಲ್ಲ’ ಎಂದಳು ಆಕೆ. ನಾನು ನೀಲಿ ಹೂವಿನ ಸ್ಕಾರ್ಫ್ ಕಟ್ಟಿದ್ದೆ. ‘ಕಪ್ಪು ಇದೆಯಾ?’ ಎಂದು ಬೇರೆ ಕೇಳಿದಳು. ‘ಕಪ್ಪು ಬೇಕಿದ್ರೆ ಡಿಪೋದಲ್ಲಿ ಗ್ರೀಸ್ ಡಬ್ಬ ಇದೆ’ ಎಂದೆ. ನಗಲಿಲ್ಲ. ‘ಈ ಪುಸ್ತಕಗಳು ಮಗ ದೊಡ್ಡವನಾದ ಮೇಲೆ ತಂದುಕೊಟ್ಟದ್ದಾ?’ ಎಂದಳು. ಇವು ಅವನು ಹುಟ್ಟುವುದಕ್ಕಿಂತ ಮುಂಚಿನವು, ಅವನ ತಂದೆಯವು ಎಂದು ನಿಧಾನವಾಗಿ, ವ್ಯಾಕರಣ ತಪ್ಪದೆ ಹೇಳಿದೆ. ಫೋಟೊದವನು ಒಂದನ್ನು ತೆಗೆದು ಒಳಪುಟದಲ್ಲಿದ್ದ ಹೆಸರು, ವರ್ಷ ನೋಡಿದ. ಮುಖ ಕೆಂಪಾಯಿತು, ಜಾಗಕ್ಕೆ ಇಟ್ಟ. ಆಕೆ ನೋಡಲೇ ಇಲ್ಲ. ಭಾನುವಾರ ಅಚ್ಚಾಯಿತು: ‘ಇಂದು ಆ ಮನೆಗೂ ಪುಸ್ತಕ ಬಂದಿದೆ, ಅದು ಮಗನ ಗೆಲುವು.’ ಪುಸ್ತಕದ ಗೋಡೆಯ ಮುಂದೆ ನಾನೇ ನಿಂತು ಹೇಳಿದರೂ ಕೇಳಿಸದಂಥ ಕಿವಿಯನ್ನು ಅವಳಿಗೆ ಕೊಟ್ಟವನು ನೀನು ಎನ್ನುವುದಿಲ್ಲ. ಆ ಕಿವಿ ಮೊದಲೇ ಇತ್ತು. ಆದರೆ ಇಷ್ಟು ದಿನ ಅವರ ಹತ್ತಿರ ಸಾಕ್ಷಿ ಇರಲಿಲ್ಲ, ಈಗ ಮನೆಯ ಮಗನ ಸಹಿ ಇದೆ.

ಬಟ್ಟೆಕೋಣೆಯಲ್ಲೂ ಅದೇ. ಇಪ್ಪತ್ತೆರಡು ವರ್ಷದಿಂದ ಗುಂಡಿ ಸಾಲದು, ಅಂಚು ಸೊಟ್ಟ ಎಂದು ನನ್ನ ಹತ್ತಿರ ಹಕ್ಕಿನಿಂದ ಜಗಳವಾಡುತ್ತಿದ್ದ ಸೂಪರ್‌ವೈಸರ್ ಮೊನ್ನೆ ನನ್ನ ಎರಡೂ ಕೈ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ‘ನೀವು ಎಷ್ಟು ಅನುಭವಿಸಿದ್ದೀರಿ, ಹೇಳ್ಕೊಳ್ಳಿ’ ಎಂದಳು. ನಾನು ಅನುಭವಿಸಿದ್ದರಲ್ಲಿ ದೊಡ್ಡದು ಅವಳ ಸೂಪರ್‌ವಿಷನ್ನೇ. ಆದರೆ ನಗು ಬರಲಿಲ್ಲ. ಈಗ ಜಗಳಕ್ಕೂ ಬರುವುದಿಲ್ಲ, ಅಂಚು ಸೊಟ್ಟವಾದರೂ ‘ಇರಲಿ ಬಿಡಿ’ ಎನ್ನುತ್ತಾಳೆ. ನನ್ನ ಸಮಕ್ಕೆ ನಿಂತಿದ್ದವಳನ್ನು ನೀನು ಒಂದು ಪುಸ್ತಕದಿಂದ ನನ್ನ ತಲೆಯ ಮೇಲಕ್ಕೆ ಹತ್ತಿಸಿದೆ.

ಡ್ರೈವರಮ್ಮ ಮಾತ್ರ ನೇರ. ಇಲ್ಲಿಯವಳೇ, ಬಿಳಿಯವಳೇ. ಭಿನ್ನರಾಶಿ ತಲೆಗೆ ಹತ್ತದೆ ಬಡ್ತಿ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದವಳು. ಮೇಷ್ಟ್ರು ಬ್ರೇಕಿನ ಬಿಲ್ಲೆಗಳನ್ನು ಜೋಡಿಸಿ ಕಲಿಸಿದ ಮೇಲೆ ಪಾಸಾಗಿ, ಈಗ ಹೊಸ ಡ್ರೈವರುಗಳಿಗೆ ತಾನೇ ಪರೀಕ್ಷೆ ಮಾಡುತ್ತಾಳೆ. ಪುಸ್ತಕ ಎಸೆದು, ‘ಇವರ್ಯಾರು? ನಮ್ಮ ಮೇಷ್ಟ್ರಲ್ಲ. ನಿಮ್ಮ ಮಗ ಬೇರೆ ಯಾರದೋ ಅಪ್ಪನ ಬಗ್ಗೆ ಬರೆದಿದ್ದಾನೆ’ ಎಂದಳು. ನನಗೆ ತಲೆ ತಗ್ಗಿಸಬೇಕಾಗಿ ಬಂದದ್ದು ಅವಳ ಮುಂದೆ. ಹೊರಗಿನವಳು ನನ್ನ ಗಂಡನ ಪರ ನಿಂತಿದ್ದಳು, ನಾನು ಹೆತ್ತವನು ಎದುರು ಪಕ್ಷದಲ್ಲಿದ್ದ.

ಅಬ್ಬ ಹೋಗಿ ನಾಲ್ಕು ವರ್ಷ. ಅವರು ಬದುಕಿದ್ದಾಗ ಇದನ್ನು ಬರೆದಿದ್ದರೆ ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಉತ್ತರ ಬರೆಯುತ್ತಿದ್ದರು. ಅದಕ್ಕೇ ನೀನು ಕಾದೆ ಎಂದು ನನ್ನ ಅನುಮಾನ. ತಪ್ಪಾಗಿದ್ದರೆ ಹೇಳು. ನಿನ್ನ ಕಷ್ಟವೂ ನನಗೆ ಗೊತ್ತಿಲ್ಲದ್ದಲ್ಲ. ಒಂದು ಕೆಲಸ ಸಿಗಲೆಂದು ನೀನು ನಲವತ್ತು ಕಡೆ ಅರ್ಜಿ ಹಾಕಿದ್ದು, ಹೆಸರು ಮೊಟಕು ಮಾಡಿದ ಮೇಲೆ ನಲವತ್ತೊಂದನೆಯದಕ್ಕೆ ಕರೆ ಬಂದದ್ದು, ಆ ರಾತ್ರಿ ನೀನು ಊಟ ಬಿಟ್ಟದ್ದು ನೆನಪಿದೆ. ಅದನ್ನು ಬರೆಯಬೇಕಿತ್ತು. ಅದನ್ನು ಬರೆದರೆ ಟಿ.ವಿ.ಯವರು ಕರೆಯುತ್ತಿರಲಿಲ್ಲ, ಅಲ್ಲವೇ? ಮೊಮ್ಮಗಳಿಗೆ ಹತ್ತು ತುಂಬುತ್ತಿದೆ. ಇನ್ನೆರಡು ವರ್ಷಕ್ಕೆ ಆ ಪುಸ್ತಕ ಓದುತ್ತಾಳೆ. ತನ್ನ ತಾತ ಓದಿನ ವೈರಿ ಎಂದು ಯಾರಾದರೂ ಅಂದರೆ, ‘ಹೌದು, ಅಪ್ಪನೇ ಬರೆದಿದ್ದಾರೆ’ ಎನ್ನುತ್ತಾಳೆ. ಇದನ್ನು ಯೋಚಿಸಿದಾಗ ನನಗೆ ನಿನ್ನ ಮುಖ ನೋಡುವುದೂ ಬೇಡ ಅನ್ನಿಸುತ್ತದೆ. ನಾಲ್ಕು ದಿನ ಹಾಗೆ ಅನ್ನಿಸುತ್ತದೆ, ಐದನೇ ದಿನ ನಿನ್ನ ಕೆಮ್ಮು ನೆನಪಾಗುತ್ತದೆ. ತಾಯಿಯಾದವಳಿಗೆ ಪೂರ್ತಿ ಸಿಟ್ಟು ಮಾಡುವ ಸ್ವಾತಂತ್ರ್ಯವೂ ಇಲ್ಲ.

ಸೊಸೆಗೆ ಸಲಾಂ, ಮಗುವಿಗೆ ಮುತ್ತು. ದೇವರು ನಿನಗೆ ಆರೋಗ್ಯ ಕೊಡಲಿ, ಅದರ ಜೊತೆಗೆ ನೆನಪನ್ನೂ ಕೊಡಲಿ.

ಇನ್ನೂ ನಿನ್ನವಳೇ ಆದ,
ಅಮ್ಮಿ

ಮರೆತ ವಿಷಯ: ಅಂಚೆಯ ಹೊತ್ತಾಯಿತು, ಹೇಳಬೇಕಾದದ್ದೇ ಉಳಿದುಹೋಗಿದೆ. ಡಿಪೋದಲ್ಲಿ ಹೊಸ ತರಬೇತಿ ಕೋಣೆ ಕಟ್ಟಿದ್ದಾರೆ, ಅದಕ್ಕೆ ಮೇಷ್ಟ್ರ ಹೆಸರಿಡುತ್ತಾರೆ, ಪೂರ್ತಿ ಹೆಸರು, ಮೊಟಕು ಮಾಡದೆ. ೨೨ರ ಶನಿವಾರ ಹನ್ನೊಂದು ಗಂಟೆಗೆ. ಮನೆಯವರ ಪರವಾಗಿ ಯಾರು ಮಾತಾಡುತ್ತಾರೆಂದು ಕೇಳಿದರು. ನಾನೇ ಎಂದಿದ್ದೇನೆ. ಅವರ ಭಾಷೆಯಲ್ಲೇ ಮಾತಾಡುತ್ತೇನೆ, ಬಟ್ಟೆಕೋಣೆಯಲ್ಲಿ ಅಭ್ಯಾಸ ನಡೆದಿದೆ. ಆ ಪತ್ರಿಕೆಯವಳಿಗೂ ಫೋನ್ ಮಾಡಿದ್ದೇನೆ, ಬರುತ್ತಾಳೆ. ಈ ಕಾಗದದಲ್ಲಿರುವುದನ್ನೆಲ್ಲ ಅಲ್ಲಿ ಹೇಳುತ್ತೇನೆ, ಒಂದನ್ನೂ ಬಿಡುವುದಿಲ್ಲ. ನನಗಿಂತ ಮೊದಲು ನೀನೇ ಎದ್ದು ಹೇಳುವುದಾದರೆ ೧೯ರ ಬುಧವಾರದೊಳಗೆ ಡ್ರೈವರಮ್ಮನಿಗೆ ತಿಳಿಸು, ನಂಬರ್ ಹಾಳೆಯ ಹಿಂದೆ ಇದೆ. ಬಾರದಿದ್ದರೆ ನಿನ್ನಿಷ್ಟ. ಆದರೆ ಮಗುವನ್ನು ಕಳಿಸು. ಮೊದಲ ಸಾಲಿನಲ್ಲಿ ಅವಳಿಗೊಂದು ಕುರ್ಚಿ ಹಾಕಿಸಿದ್ದೇನೆ.