ಕೈಗೊಂಬೆ ಬಿಟ್ಟ ಮಾತುಗಳು

ವಿಜಯಪುರ, ೨೧೪೩ನೆಯ ಇಸವಿಯ ಹದಿಮೂರನೆಯ ತಿಂಗಳು

ಕಾಲೇಜು ಸೇರಲು ಹೊರಟಿರುವ ಕಿವುಡ ವಿದ್ಯಾರ್ಥಿಗಳಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಉದ್ದವಾಗಿ, ಅದಕ್ಕೆಂದೇ ಒಂದು ತಿಂಗಳು ಹೆಚ್ಚಿಗೆ ಸೇರಿಸಿದ್ದಾರೆ. ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಯ ವಾರಿಗೆಯವರು. ಆದರೂ ತಂಗಿ, ತಮ್ಮ ಎಂದೇ ಕರೆಯಬೇಕೆನಿಸುತ್ತದೆ. ನನ್ನ ಕನ್ನಡ ಎಲ್ಲಾದರೂ ವಿಚಿತ್ರವಾಗಿದ್ದರೆ ಕ್ಷಮಿಸಿ. ನನ್ನ ಮೊದಲ ಭಾಷೆ ಸನ್ನೆ, ಕನ್ನಡವನ್ನು ಓದಿ ಕಲಿತವಳು. ನನ್ನ ಹೆಸರು ಸುಗಲಾ ಹಡಪದ. ವಕೀಲಿ ಮಾಡುತ್ತೇನೆ.

ನಮ್ಮ ಕಾಲದಲ್ಲಿ ಯಾವ ಕಾಲೇಜೂ ಕಿವುಡರಿಗೆ ಸೀಟಿಲ್ಲ ಎನ್ನುವುದಿಲ್ಲ. ಪ್ರತಿ ಕಿವುಡ ವಿದ್ಯಾರ್ಥಿಯ ಮೇಜಿನ ಮೇಲೆ ಒಂದು ಕೈಗೊಂಬೆ ಇರುತ್ತದೆ. ಗೇಣುದ್ದದ, ಬೆಳಕಿನಿಂದ ಮೂಡುವ ಆಕೃತಿ ಅದು. ಉಪನ್ಯಾಸಕರು ಬಾಯಲ್ಲಿ ಹೇಳಿದ್ದನ್ನು ಅದು ಕೈಯಲ್ಲಿ ಹೇಳುತ್ತದೆ. ನಾನು ಕಾನೂನು ಕಾಲೇಜು ಸೇರಿದ ದಿನ ಅವ್ವ ಅದನ್ನು ನೋಡಿ ಕಣ್ಣೀರು ಹಾಕಿದಳು. ನನಗೂ ಸಂತೋಷವೇ ಆಗಿತ್ತು.

ಅನುಮಾನ ಬಂದದ್ದು ಗುರುಬಾಯಿ ಮೇಡಂ ತರಗತಿಯಲ್ಲಿ. ಮೇಡಂ ತುಟಿ ಇನ್ನೂ ಆಡುತ್ತಲೇ ಇರುತ್ತಿತ್ತು, ಗೊಂಬೆ ಮಾತ್ರ ಕೈಕಟ್ಟಿ ನಗುತ್ತ ನಿಂತುಬಿಡುತ್ತಿತ್ತು. ಸುತ್ತಲಿನವರು ಹುಬ್ಬು ಗಂಟಿಕ್ಕಿ ಭರಭರನೆ ಬರೆದುಕೊಳ್ಳುವಾಗ ನನಗೆ ಬರೆಯಲು ಏನೂ ಇರುತ್ತಿರಲಿಲ್ಲ. ಕನ್ನಡಕ್ಕೆ ಮಾತು ಜಾಸ್ತಿ ಬೇಕು, ಸನ್ನೆಗೆ ಕಡಿಮೆ ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಅಂದಿನಿಂದ ಗೊಂಬೆಯನ್ನು ಬಿಟ್ಟು ಜನರ ಮುಖ ನೋಡತೊಡಗಿದೆ.

ಎರಡನೆಯ ವರ್ಷದ ಅಣಕು ನ್ಯಾಯಾಲಯದಲ್ಲಿ ನಾನೊಬ್ಬ ಬಾಡಿಗೆದಾರನ ಪರ ನಿಂತೆ. ಮಾಲೀಕ ಅವನ ಮನೆಯ ನೀರು ನಿಲ್ಲಿಸಿದ್ದ. ಬಾಡಿಗೆದಾರನ ನೀರು ನಿಲ್ಲಿಸುವಂತಿಲ್ಲ ಎಂದು ನಮ್ಮ ನೀರಿನ ಹಕ್ಕಿನ ಕಾಯ್ದೆ ಹೇಳುತ್ತದೆ, ನಾನೂ ಅದನ್ನೇ ವಾದಿಸಿದೆ. ನ್ಯಾಯಾಧೀಶರ ಕುರ್ಚಿಯಲ್ಲಿದ್ದ ಮೇಡಂ ಏನೋ ದೀರ್ಘವಾಗಿ ಹೇಳಿದರು. ‘ಚೆನ್ನಾಗಿತ್ತು, ಕುಳಿತುಕೊಳ್ಳಿ’ ಎಂದಿತು ಗೊಂಬೆ. ನಾನು ನಕ್ಕು, ಕೈಮುಗಿದು ಕುಳಿತೆ. ಇಡೀ ಕೋಣೆ ನನ್ನನ್ನೇ ನೋಡುತ್ತಿತ್ತು.

ಹೊರಗೆ ಬಂದಾಗ ಮೆಹರಾಜ್ ನನ್ನ ರಟ್ಟೆ ಹಿಡಿದು ನಿಲ್ಲಿಸಿದಳು. ಅವಳು ನನ್ನ ಸಹಪಾಠಿ. ಅವಳ ತಾಯಿ ಕಿವುಡಿಯಾದ್ದರಿಂದ ಅವಳಿಗೆ ಸನ್ನೆ ಮನೆಮಾತು.

“ನೀ ಯಾಕ ನಕ್ಕಿ?” ಎಂದು ಕೇಳಿದವು ಅವಳ ಕೈಗಳು.

“ಚಲೋ ಆತು ಅಂದ್ರಲ್ಲ ಮೇಡಂ.”

“ಎಲ್ಲಿ ಅಂದ್ರು? ಒಪ್ಪಂದ ಮುಗಿದಿದ್ರ ನೀರು ನಿಲ್ಲಿಸಬಹುದು, ಅದನ್ನ ತರಗತಿಯೊಳಗ ಎರಡು ಸಲ ಹೇಳೀನಿ, ಈ ಹುಡುಗಿ ಲಕ್ಷ್ಯ ಕೊಡೂದಿಲ್ಲ ಅಂದ್ರು.”

ನಾಳೆ ಗೊಂಬೆಯನ್ನು ಪರೀಕ್ಷಿಸೋಣ ಎಂದೆ. ಮರುದಿನ ಮೆಹರಾಜ್ ಗೊಂಬೆಯ ಪಕ್ಕದಲ್ಲೇ ನನಗೆದುರಾಗಿ ಕುಳಿತಳು. ಮೇಡಂ ಹೇಳಿದ್ದನ್ನು ಅವಳೂ ಹೇಳಿದಳು, ಗೊಂಬೆಯೂ ಹೇಳಿತು. ಅವಳ ಕೈಯಲ್ಲಿ ವಿನಾಯಿತಿಗಳು, ಭಿನ್ನ ತೀರ್ಪುಗಳು, ಹುಡುಗರು ಎತ್ತಿದ ತಕರಾರುಗಳು ಎಲ್ಲವೂ ಇದ್ದವು. ಗೊಂಬೆ ‘ಆದರೆ’ ಬಂದಲ್ಲೆಲ್ಲ ನಿಲ್ಲುತ್ತಿತ್ತು.

ನಾವಿಬ್ಬರೂ ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರ ಮೇಜಿನ ಮೇಲೂ ಒಂದು ಗೊಂಬೆ ಎದ್ದು ನಿಂತಿತು. ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ನಾನು ಮೆಹರಾಜಳ ಕೈ ನೋಡಿದೆ.

“ನೋಡವ್ವಾ ಸುಗಲಾ, ಕಿವುಡ ಮಕ್ಕಳಿಗೆ ಪೂರ್ತಿ ಪಾಠ ಭಾರ ಆಗ್ತದ. ಅದಕ್ಕ ನಾವಽ ಹಗುರ ಮಾಡೀವಿ. ಪಾಸಾಗಲಿ ಅಂತ ಮಾಡಿದ್ದು, ಕೆಟ್ಟದಕ್ಕಲ್ಲ,” ಎಂದರು ಅವರು.

“ನನ್ನ ಕೇಳಿದ್ರೇನ್ರಿ ಸರ್? ನಾಳೆ ಕೋರ್ಟಿನ್ಯಾಗ ನನ್ನ ಎದುರಿನ ವಕೀಲರು ಹಗುರ ವಾದ ಮಾಡ್ತಾರೇನು?”

ಮೆಹರಾಜ್ ನನ್ನ ಮಾತನ್ನು ನನ್ನಷ್ಟೇ ಸಿಟ್ಟಿನಿಂದ ಹೇಳಿರಬೇಕು. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ವಾರದೊಳಗೆ ‘ಈಗ ಪೂರ್ತಿ ಪಾಠ ಬರುತ್ತದೆ’ ಎಂದು ತಿಳಿಸಿದರು. ನಾನು ನಂಬಲಿಲ್ಲ. ಪೂರ್ತಿ ಬರುತ್ತಿದೆ ಎಂದು ಹೇಳುವುದೂ ಅದೇ ಗೊಂಬೆಯಲ್ಲವೇ? ಗೊಂಬೆಯ ಬದಲು ಮನುಷ್ಯರನ್ನೇ ಕೊಡಿ ಎಂದು ಪಟ್ಟು ಹಿಡಿದೆ. ಮೆಹರಾಜ್ ದಿನವೂ ನನ್ನೆದುರು ಕುಳಿತು ಹೇಳಲು ಸಿದ್ಧಳಿದ್ದಳು. ನಾನೇ ಬೇಡವೆಂದೆ, ಅವಳೂ ಓದಲು ಬಂದವಳು. ಕೊನೆಗೆ ಬಾಗಲಕೋಟೆಯಿಂದ ದಾನಮ್ಮ ಎಂಬ ದುಭಾಷಿ ಬರುವಷ್ಟರಲ್ಲಿ ನನ್ನದೊಂದು ವರ್ಷ ಹೋಗಿತ್ತು. ಆ ವರ್ಷವನ್ನು ನನಗೆ ಯಾರೂ ಮರಳಿಸಲಿಲ್ಲ. ಕಾಲೇಜಿನ ಜಾಹೀರಾತಿನಲ್ಲಿ ಮಾತ್ರ ಈಗಲೂ ಗೊಂಬೆಯ ಪಕ್ಕ ನಗುತ್ತ ನಿಂತಿರುವ ನನ್ನ ಚಿತ್ರವಿದೆ.

ದಾನಮ್ಮ ಬಂದ ಮೊದಲ ವಾರ ಮೇಡಂ ನನ್ನನ್ನು ಚೆನ್ನಾಗಿ ಬೈದರು. ಒಂದು ಶಬ್ದವನ್ನೂ ಬಿಡದೆ ದಾನಮ್ಮ ಅದನ್ನು ನನಗೆ ತಲುಪಿಸಿದರು. ಎಲ್ಲರಂತೆ ಬೈಸಿಕೊಂಡೆನಲ್ಲ ಎಂದು ಅಂದು ನನಗೆ ಆದ ಸಮಾಧಾನ ನಿಮಗೆ ಅರ್ಥವಾಗುತ್ತದೆ.

ನಿಮ್ಮ ಕಾಲದ ಕಾಲೇಜುಗಳಲ್ಲಿ ಏನಿದೆಯೋ ನನಗೆ ಸರಿಯಾಗಿ ಗೊತ್ತಿಲ್ಲ. ಏನೂ ಇಲ್ಲದೆಯೂ ಇರಬಹುದು. ಇದ್ದರೆ, ಇದೆಯಲ್ಲ ಎಂದು ಕೈಮುಗಿದು ಸುಮ್ಮನಾಗಬೇಡಿ. ಇದರಲ್ಲಿ ಏನನ್ನು ಬಿಟ್ಟಿದ್ದೀರಿ, ಬಿಡಲು ಹೇಳಿದವರು ಯಾರು ಎಂದು ಕೇಳಿ. ತರಗತಿಯೆಲ್ಲ ನಕ್ಕಾಗ ಯಾಕೆಂದು ಪಕ್ಕದವರನ್ನು ಕೇಳಿ. ‘ಏನಿಲ್ಲ, ಆಮೇಲೆ ಹೇಳ್ತೀನಿ’ ಎಂದರೆ, ಈಗಲೇ ಹೇಳಿ ಎನ್ನಿ.

ನಿಮ್ಮ,
ಸುಗಲಾ